ಎರಡನೆಯವಳಿಗೆ ಜ್ವರ ಬಂದಾಗ

ಹಾಲ್‌ನ ದೊಡ್ಡ ಪರದೆಯ ಮೇಲೆ ‘ಇಂದು ಹಾಡುವವರು’ ಎಂಬ ತಲೆಬರಹ ಮಾತ್ರ ಉಳಿದಿತ್ತು. ಅದರ ಕೆಳಗೆ ಒಂದು ಹೆಸರೂ ಇರಲಿಲ್ಲ.

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ ಬೆವರು ಕಿತ್ತುಕೊಂಡು ಬಂತು. ಆ ವೆಬ್ ಪೇಜ್ ಮಾಡಿದ್ದು ಅವಳೇ. ಅಂದರೆ, ಅವಳು ಮತ್ತು ಅವಳ ಅಕ್ಕ. ಅಂದರೆ, ಮುಕ್ಕಾಲು ಪಾಲು ಅಕ್ಕ. ಕ್ಲಾಸಿನಲ್ಲಿ ಮಾತ್ರ ಎಲ್ಲಾ ತಾನೇ ಮಾಡಿದೆನೆಂದು ಕೊಚ್ಚಿಕೊಂಡಿದ್ದಳು. ಅಂದಿನಿಂದ ಅವಳು ‘ಇಂಜಿನಿಯರಮ್ಮ’. ಯಾರಾದರೂ ಹಾಗೆ ಕರೆದರೆ ಬೇಡ ಬೇಡ ಎಂದು ಕೈಯಾಡಿಸುವಳು. ಇನ್ನೊಮ್ಮೆ ಕರೆಯಲಿ ಎಂದು ಮೆಲ್ಲಗೆ ನಡೆಯುವಳು.

ಈಗ ಆಗಿದ್ದಿಷ್ಟು. ಎರಡನೆಯದಾಗಿ ಹಾಡಬೇಕಿದ್ದವಳಿಗೆ ಜ್ವರ. ಅವಳ ಹೆಸರು ತೆಗೆದುಬಿಡು ಎಂದು ಸಂಗೀತದ ಮಿಸ್ ಹೇಳಿದ್ದರು. ಸರ್ವರ್‌ನಲ್ಲಿದ್ದ ಸಾಲಿನಿಂದ ಒಂದು ಹೆಸರು ತೆಗೆಯುವುದು ಇಂಜಿನಿಯರಮ್ಮನಿಗೆ ಯಾವ ಮಹಾ ಕೆಲಸ? ಮನೆಯಲ್ಲಿ ಕೊನೆಯ ಹೆಸರನ್ನು ತೆಗೆದು ನೋಡಿದಾಗ ಪೇಜ್ ಸರಿಯಾಗಿಯೇ ಬಂದಿತ್ತು. ಟಕ್ಕನೆ ತೆಗೆದಳು. ಎಲ್ಲರೂ ಮಾಯ.

ಮೊದಲು ಇಂಟರ್‌ನೆಟ್ಟನ್ನು ಬೈದಳು. ಆಮೇಲೆ ವೈರನ್ನು ಅಲ್ಲಾಡಿಸಿದಳು. ಹಾಳಾದ್ದು, ವೈರ್ ಗಟ್ಟಿಯಾಗಿಯೇ ಇತ್ತು. ಹಾಡುವ ಮಕ್ಕಳಿಗೆ ತಮ್ಮ ಸರದಿ ಯಾವಾಗ ಎಂದೇ ತಿಳಿಯದೆ ಗಲಿಬಿಲಿಯಾಗಿತ್ತು. ಪುಟ್ಟವನೊಬ್ಬ ತನ್ನ ಹೆಸರು ತೆಗೆದುಹಾಕಿದ್ದಾರೆಂದು ಅಳಲು ಶುರು ಮಾಡಿದ.

ಏನಾಯಿತೆಂದು ಮಿಸ್ ಬಂದು ಕೇಳಿದರು. ಸರ್ವರೇ ಕೆಟ್ಟಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಿಸ್ ನಂಬಿಯೂ ಬಿಡುತ್ತಿದ್ದರು. ಪುಟ್ಟವನು ಮಾತ್ರ ಅಳು ನಿಲ್ಲಿಸಲಿಲ್ಲ.

"ಮಿಸ್, ನಿಮ್ ಫೋನ್ ಕೊಡ್ತೀರಾ? ಅಕ್ಕನ್ನ ಕೇಳ್ಬೇಕು. ಇದನ್ನ ಜಾಸ್ತಿ ಮಾಡಿದ್ದು ಅವಳೇ."

ಹಿಂದೆ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು.

ಸರ್ವರ್ ಪೇಜಿಗೆ ಹೆಸರುಗಳನ್ನು ಬರೆದು ಕಳಿಸಿದ ಜೇಸನ್ ಎಂಬ ಒಕ್ಕಣೆಯನ್ನು ತೆರೆದು ಓದಲು ಅಕ್ಕ ಫೋನಿನಲ್ಲಿ ಹೇಳಿದಳು. "ಶುರುವಲ್ಲಿ ಸಾಲಿಗೆ ಹಾಕೋ ಚೌಕ ಬ್ರಾಕೆಟ್ಟಾ, ಸೊಟ್ಟ ಬ್ರಾಕೆಟ್ಟಾ?"

"ಸೊಟ್ಟ. ಹೆಸರುಗಳ ಮುಂದೆ ನಂಬರ್ ಬೇರೆ ಇದೆ. ಸೊನ್ನೆ ಆದ್ಮೇಲೆ ಸೀದಾ ಎರಡು."

ಕಂಪ್ಯೂಟರ್ ಎಣಿಸುವುದು ಸೊನ್ನೆಯಿಂದ. ಹಾಗಾಗಿ ಕಾಣೆಯಾದ ‘ಒಂದು’ ಎಂಬ ನಂಬರ್ ಜ್ವರದವಳದು.

"ನಡುವಿನವಳನ್ನ ಎಬ್ಬಿಸಿ ಕಳಿಸ್ದೆ, ಮಿಕ್ಕೋರ ಕೈಲಿ ಹಳೇ ಚೀಟಿನೇ ಬಿಟ್ಟೆ," ಎಂದಳು ಅಕ್ಕ. "ನಂಬರ್ ತಪ್ಪಿದೆ, ಇದು ಸಾಲೇ ಅಲ್ಲ ಅಂತ ಸರ್ವರ್ ಒಬ್ಬೊಬ್ರಿಗೂ ಲೇಬಲ್ ಅಂಟಿಸಿ ಕಳಿಸಿದೆ. ಪೇಜ್ ಕಾಯ್ತಿರೋದು ಸಾಲಿಗೆ, ಅದಕ್ಕೇ ಯಾರನ್ನೂ ತೋರಿಸ್ತಿಲ್ಲ. ಜೇಸನ್ ಮಾಡೋ ಮುಂಚೆ ಎಲ್ಲರಿಗೂ ಮೊದಲಿಂದ ನಂಬರ್ ಕೊಡು."

"ಮನೇಲಿ ಕೊನೇದನ್ನ ತೆಗೆದಾಗ ಹೀಗಾಗ್ಲಿಲ್ವಲ್ಲ?"

"ಕೊನೇಲಿರೋರು ಎದ್ದು ಹೋದ್ರೆ ನಡುವೆ ಎಲ್ಲಿ ಖಾಲಿಯಾಗತ್ತೆ, ಇಂಜಿನಿಯರಮ್ಮ?"

ಆ ಹೆಸರು ಅಕ್ಕನವರೆಗೂ ಹೋಗಿತ್ತು.

ಹುಡುಗಿ ಒಂದೇ ಒಂದು ಲೈನ್ ಕೋಡ್ ಸೇರಿಸಿದಳು. ಚೌಕ ಬ್ರಾಕೆಟ್ ಬಂತು. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ಹಾಡು ಶುರುವಾಯಿತು.

ತನ್ನ ಹಾಡು ಮುಗಿಸಿದ ಪುಟ್ಟವನು ಸೀದಾ ಅವಳ ಬಳಿ ಬಂದು ಕೈ ಚಾಚಿದ. "ಅಕ್ಕಾ, ನನ್ ವಾಚ್ ನಿಂತ್ಹೋಗಿದೆ. ನಿಂಗೆ ಎಲ್ಲಾ ಬರತ್ತಂತೆ."

ಅಭ್ಯಾಸಬಲದಿಂದ ಅವಳ ಕತ್ತು ನೆಟ್ಟಗಾಯಿತು. ವಾಚನ್ನು ಕಿವಿಗಿಟ್ಟುಕೊಂಡಳು.

"ನಂಗೂ ಬರಲ್ಲ ಕಣೋ," ಎಂದಳು. "ಕೂತ್ಕೋ, ನೋಡೋಣ."

ಪುಟ್ಟವನಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.