ಎಡರೆಕ್ಕೆಯ ತುದಿ

"ಕೈ ತೆಗೀರಿ! ಈ ಬ್ರಷ್ ಮೊದಲು ನೋಡಿದ್ದು ನಾನು."

"ನೋಡಿದ್ದು ನೀವಿರಬಹುದು... ಹಿಡಿದಿರೋದು ನಾನು."

ಬಣ್ಣದಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ. ಕಣ್ರೆಪ್ಪೆಯ ಕೂದಲಿನಷ್ಟು ಸಣ್ಣ ತುದಿಯ ಕುಂಚ. ಅದರ ಹಿಡಿಕೆಯ ಒಂದು ಕೊನೆ ಅವಳ ಬೆರಳುಗಳಲ್ಲಿತ್ತು, ಇನ್ನೊಂದು ಕೊನೆ ದಪ್ಪ ಗಾಜಿನ ಕನ್ನಡಕ ಹಾಕಿದ್ದ ಅಪರಿಚಿತನ ಬೆರಳುಗಳಲ್ಲಿ. ಇಬ್ಬರೂ ಬಿಡಲೊಲ್ಲರು!

"ನನಗಿದು ಹಲ್ಲಿಗೆ ಬೇಕು," ಎಂದಳು ಅವಳು ಗದ್ದ ಎತ್ತಿ.

"ಹಲ್ಲುಜ್ಜೋಕೆ ಇದಕ್ಕಿಂತ ದೊಡ್ಡದು ಸಿಗುತ್ತಲ್ಲ?"

ಅಂಗಡಿಯ ಮುದುಕ ಕಿಸಕ್ಕನೆ ನಕ್ಕ. ಅವಳ ಕಿವಿ ಕೆಂಪಾಯಿತು.

"ರೀ... ನಾನು ಕಟ್ಟೋ ಹಲ್ಲು ಮಾಡೋಳು. ಪಕ್ಕದ ಹಲ್ಲಿಗೆ ಹೊಂದೋ ಹಾಗೆ ಬಣ್ಣ ಬರೀಬೇಕು. ನಿಮಗೇನಂತೆ ಅಂಥಾ ಘನಂದಾರಿ ಕೆಲಸ?"

"ಯುದ್ಧವಿಮಾನಕ್ಕೆ ಬಣ್ಣ ಹಚ್ಚಬೇಕು," ಎಂದನವನು, ಅನ್ನಕ್ಕೆ ಉಪ್ಪು ಬೇಕು ಎಂಬಷ್ಟು ಸಲೀಸಾಗಿ.

"ಎಳೆದಾಡಿ ಮುರೀಬೇಡ್ರಪ್ಪ," ಎಂದ ಮುದುಕ. "ವಾರವೆಲ್ಲ ಹಲ್ಲಿನಮ್ಮ ಇಟ್ಕೊಳ್ಳಲಿ. ಭಾನುವಾರ ಕನ್ನಡಕದಪ್ಪ ಇಟ್ಕೊಳ್ಳಲಿ. ತವರುಮನೆಗೆ ಕೂಸು ಕಳಿಸಿದ ಹಾಗೆ ಕಳಿಸ್ತಿರಿ, ಆಯ್ತಾ?"

ಹಾಗೆ ಶುರುವಾಯಿತು.

ಅವನು ಕನ್ನಡಕದಂಗಡಿಯವನು. ಅಂಗಡಿಯ ಹಿಂದೆ ಮನೆ. ಮನೆಯ ಕೊನೆಯ ಕೋಣೆಯಲ್ಲಿ ಕಿಟಕಿಗೆ ಒತ್ತಿಟ್ಟ ಮೇಜು. ಮೊದಲ ಭಾನುವಾರ ಕುಂಚ ಕೊಟ್ಟು ಹೊರಟುಬಿಡಬೇಕೆಂದೇ ಬಂದವಳು, ಮೇಜಿನ ಮೇಲಿದ್ದುದನ್ನು ಕಂಡು ಬಾಗಿಲಲ್ಲೇ ನಿಂತಳು.

ಒಂದು ಗೇಣು ಅಗಲದ ವಿಮಾನ. ಎರಡನೇ ಮಹಾಯುದ್ಧದಲ್ಲಿ ಇಟಲಿಯವರು ಹಾರಿಸಿದ್ದು, ಸಿಡಿಲು ಎಂದು ಹೆಸರಿಟ್ಟುಕೊಂಡಿದ್ದ ಫೈಟರ್. ಚೂಪು ಮೂತಿ, ಗೂನುಬೆನ್ನು. ಹಳೆಯ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಂದಿದ್ದನ್ನು ಅಂಟಿಸಿ ಕಟ್ಟಿದ್ದ. ಡಬ್ಬಿಯಲ್ಲಿದ್ದ ರೆಕ್ಕೆಗಳು ಸೊಟ್ಟಗಾಗಿದ್ದರಿಂದ, ಪ್ಲಾಸ್ಟಿಕ್ ಹಾಳೆಯಲ್ಲಿ ತಾನೇ ಹೊಸ ರೆಕ್ಕೆ ಕತ್ತರಿಸಿ ಕೂರಿಸಿದ್ದ. ಮೈಯೆಲ್ಲ ಮರಳಿನ ಬಣ್ಣ. ಅದರ ಮೇಲೆ ಹಸಿರು ಉಂಗುರಗಳು, ಯಾರೋ ಹೊಗೆ ಊದಿ ಬಿಟ್ಟಂತೆ, ಒಂದಕ್ಕೊಂದು ತಾಕಿಯೂ ತಾಕದಂತೆ ಬರಬೇಕಿತ್ತು. ಅವನ ಕೈಯಲ್ಲಿ ಅವು ಉಂಗುರವಾಗದೆ ಜಜ್ಜಿದ ಹುಳುಗಳಾಗಿದ್ದವು.

"ಅಯ್ಯೋ... ಕೊಡಿ ಇಲ್ಲಿ!" ಅವಳಿಗೇ ಗೊತ್ತಿಲ್ಲದೆ ಕುರ್ಚಿ ಎಳೆದು ಕೂತಳು. "ಉಸಿರು ಬಿಗಿಹಿಡಿದು ಬರೀತೀರಿ, ಅದಕ್ಕೇ ಕೈ ನಡುಗುತ್ತೆ. ಉಸಿರು ಬಿಡ್ತಾ ಬಿಡ್ತಾ ಗೆರೆ ಎಳೀಬೇಕು. ನೋಡಿ."

ಒಂದು ಉಂಗುರ ಮೂಡಿತು. ಇನ್ನೊಂದು. ಅವನು ನೋಡುತ್ತಲೇ ಇದ್ದ, ಉಂಗುರವನ್ನಲ್ಲ.

ಅಂದಿನಿಂದ ಭಾನುವಾರವೆಂದರೆ ಅವಳಿಗೆ ಆ ಕಿಟಕಿ. ಕುಂಚ ಅವಳ ಕೈಯಲ್ಲಿ, ಪ್ರಶ್ನೆ ಅವಳ ಬಾಯಲ್ಲಿ.

"ಈ ಉಂಗುರ ಯಾಕೆ?"

"ಮೇಲಿಂದ ನೋಡಿದ್ರೆ ಮರಳುಗಾಡಿನ ಕುರುಚಲು ಗಿಡದ ಹಾಗೆ ಕಾಣಲಿ ಅಂತ."

"ಬಾಲದ ಹತ್ತಿರ ಬಿಳೀ ಪಟ್ಟಿ?"

"ತಮ್ಮವರೇ ಹೊಡೆದು ಉರುಳಿಸದಿರಲಿ ಅಂತ."

"ಬೆನ್ನು ಯಾಕೆ ಗೂನು?"

ಕಾಫಿ ತಂದ ಅವನ ಅಮ್ಮ ನಗುತ್ತಿದ್ದರು. "ಪ್ರಶ್ನೆಗೊಂದು ಹಲ್ಲು ಅಂತ ಲೆಕ್ಕ ಹಾಕಿದ್ರೆ, ನನಗೆ ಎರಡು ಸೆಟ್ ಆಗಿರೋದು ಕಣಮ್ಮ!"

ಮಾತಿನಲ್ಲಿ ಇಬ್ಬರೂ 'ನೀವು' ದಾಟಿರಲಿಲ್ಲ. ಅವಳಿಗದು ಹಿತವಾಗಿಯೇ ಇತ್ತು, ಹೊಸ್ತಿಲಲ್ಲಿ ಕೂತು ಒಳಗಿನ ಹಾಡು ಕೇಳುವ ಹಿತ.

ಅಷ್ಟರಲ್ಲಿ ಒಂದು ದಿನ ಅವನ ಫೋನು ಹಾಡಿತು.

"ಹೇಳು ಪೈಲಟ್!" ಅವನ ಮುಖ ದೀಪ ಹಚ್ಚಿದಂತಾಯಿತು. "ಹೂಂ... ನೀನು ಬರೋ ಹೊತ್ತಿಗೆ ಮುಗಿಸ್ತೀನಿ ಕಣೇ. ನಿನಗೆ ಕೊಟ್ಟ ಮಾತು ತಪ್ತೀನಾ?"

ನೀನು... ಕಣೇ...

ಅವಳ ಕುಂಚ ಗಾಳಿಯಲ್ಲೇ ನಿಂತಿತು.

ಅವನು ಮಾತಾಡುತ್ತಾ ಹಿತ್ತಲಿಗೆ ಹೋದ. ಅಮ್ಮ ತಾವಾಗಿಯೇ ಹೇಳಿದರು: "ನಮ್ಮ ನಾದಿನಿ ಮಗಳು. ನಿಜವಾದ ವಿಮಾನ ಓಡಿಸ್ತಾಳೆ! ಇವನೂ ಅವಳೂ ಜೊತೆಗೇ ಪೈಲಟ್ ಆಗ್ಬೇಕು ಅಂತಿದ್ರು. ಇವನಿಗೆ ಕಣ್ಣು ಕೈಕೊಡ್ತು. ಈ ವಿಮಾನ ಅವಳಿಗೇ ಅಲ್ವಾ ಮಾಡ್ತಿರೋದು. ಆಗೆಲ್ಲ ನಾವು ಜೋಡಿ, ಜೋಡಿ ಅಂತ ರೇಗಿಸಿದ್ದೇ ರೇಗಿಸಿದ್ದು..."

ಅವಳು ನಕ್ಕಳು. ಕಟ್ಟಿಸಿದ ಹಲ್ಲಿನಂಥ ನಗೆ, ಚೆಂದವಾಗಿತ್ತು, ಅವಳದಾಗಿರಲಿಲ್ಲ.

ಯಾರಿಗೋ ಕೊಡೋ ವಿಮಾನಕ್ಕೆ ನಾನು ಕೂತು ಉಂಗುರ ಬರೀತಿದ್ದೀನಾ? ಎಂಥಾ ಪೆದ್ದಿ ನಾನು!

ಅಂದಿನಿಂದ ಹೊಟ್ಟೆಯೊಳಗೊಂದು ಕೆಂಡ. ಗೋಡೆಯ ಮೇಲಿನ ಫೋಟೋದಲ್ಲಿ ಅವನ ಹೆಗಲಿಗೆ ಕೈ ಹಾಕಿ ನಿಂತ ಎತ್ತರದ ಹುಡುಗಿ ಈಗಷ್ಟೇ ಕಣ್ಣಿಗೆ ಬಿದ್ದಳು. ಹಲ್ಲು ಮಾಡುವ ಲ್ಯಾಬಿನಲ್ಲಿ ಮೇಣ ಕಾಸುವಾಗಲೂ ಅದೇ ಹೆಗಲು, ಅದೇ ಕೈ. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ಕಿಟಕಿ ಮುಚ್ಚುವಳು!

"ಇವತ್ತು ಯಾಕೆ ಪ್ರಶ್ನೆಯೇ ಇಲ್ಲ?" ಎಂದು ಅವನು ಕೇಳಿದ.

"ಗೊತ್ತಾಗಬೇಕಾದ್ದೆಲ್ಲ ಗೊತ್ತಾಯ್ತಲ್ಲ, ಬಿಡಿ."

ಅವಳು ತಲೆ ಎತ್ತಲಿಲ್ಲ.

ಪೈಲಟ್ ಬರುವ ಭಾನುವಾರವೂ ಬಂತು. ಅವನು ಕರೆತರಲು ನಿಲ್ದಾಣಕ್ಕೆ ಹೋಗಿದ್ದ. ಕೊನೆಯ ಕೆಲವು ಉಂಗುರಗಳು ಬಾಕಿಯಿದ್ದವು. ಅವಳು ಒಬ್ಬಳೇ ಮೇಜಿನ ಮುಂದೆ ಕೂತು, ವಿಮಾನವನ್ನು ತನ್ನತ್ತ ತಿರುಗಿಸಿಕೊಂಡಳು.

ಆಗ ಕಂಡಿತು.

ಎಡರೆಕ್ಕೆ ಬಲರೆಕ್ಕೆಗಿಂತ ಉದ್ದ! ಅಕ್ಕಿಕಾಳಿಗಿಂತ ತುಸು ಕಡಿಮೆ, ಆದರೆ ಉದ್ದವೇ. ಬಾಯಿಯ ಎಡ ಬಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಹಲ್ಲು ಕೂರಿಸುವವಳ ಕಣ್ಣು ಅದು. ಪುಟ್ಟ ಅಳತೆಕಡ್ಡಿ ತೆಗೆದು ಹಿಡಿದಳು. ಅನುಮಾನವೇ ಇಲ್ಲ.

ಫೋನಲ್ಲಿ ಅವಳ ಜೊತೆ ಹಲ್ಲು ಕಿರೀತಾ ಕತ್ತರಿಸಿರ್ತಾರೆ... ಇನ್ನೇನಾಗುತ್ತೆ!

ಆ ಕ್ಷಣ ಅವಳಿಗೆ ಖುಷಿಯಾಯಿತು. ಮರುಕ್ಷಣವೇ ಕರುಳು ಚುರ್ರೆಂದಿತು. ಆಕೆಯ ಮುಂದೆ ಇವರು ನಗೆಪಾಟಲಾಗಬಾರದು... ಕೇಳಿಬಿಡಲೇ? ಕೇಳಲು ಅವನಿಲ್ಲ. ಇದ್ದಿದ್ದರೂ ಕೇಳುತ್ತಿದ್ದಳೇ? ಕೇಳುವುದನ್ನು ಬಿಟ್ಟು ವಾರಗಳೇ ಆಗಿದ್ದವು.

ಅರ ತೆಗೆದುಕೊಂಡಳು. ಎಡರೆಕ್ಕೆಯ ತುದಿಯನ್ನು ಉಜ್ಜಿ ಉಜ್ಜಿ ಬಲಕ್ಕೆ ಸಮ ಮಾಡಿದಳು. ದುಂಡಗೆ ನಯ ಮಾಡಿ, ಮರಳಿನ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಉಂಗುರ ಬರೆದಳು. ಕೆಲಸ ಮಾಡಿದ ಗುರುತೇ ಇರಲಿಲ್ಲ.

ಹೊರಗೆ ನಗು ಕೇಳಿಸಿತು.

"ಎಲ್ಲಿ ಭಾವ, ನನ್ನ ಸಿಡಿಲು?" ಎನ್ನುತ್ತಾ ಪೈಲಟ್ ಗಾಳಿಯಂತೆ ಒಳನುಗ್ಗಿದಳು. ಕತ್ತರಿಸಿದ ಕೂದಲು, ಉದ್ದ ಹೆಜ್ಜೆ. "ಓ, ಉಂಗುರ ಬರೆದವರು ನೀವೇನಾ? ಅಬ್ಬಾ! ಏನ್ರೀ ಕೈ ನಿಮ್ಮದು!"

ಹೊಗಳಿಕೆಯೂ ಉರಿಯಿತು. ಭಾವ ಅಂತೆ, ಭಾವ!

ಪೈಲಟ್ ವಿಮಾನವನ್ನು ಅಂಗೈಯಲ್ಲಿಟ್ಟು ಕಣ್ಣೆತ್ತರಕ್ಕೆ ಹಿಡಿದಳು. ಹುಬ್ಬು ಗಂಟಾಯಿತು.

"ಭಾವ... ಎಡರೆಕ್ಕೆಗೆ ಏನಾಯ್ತು? ಎರಡೂ ಒಂದೇ ಉದ್ದ ಇದೆಯಲ್ಲ! ಇದರ ಎಡರೆಕ್ಕೆ ಉದ್ದ ಇರಬೇಕು ಅಂತ ನನಗೆ ಹೇಳಿಕೊಟ್ಟವನೇ ನೀನು!"

ಅವನು ವಿಮಾನ ನೋಡಿದ. ಮೇಜಿನ ಮೇಲಿನ ಅರ ನೋಡಿದ. ಅವಳ ಬೆರಳುಗಳಿಗೆ ಅಂಟಿದ್ದ ಬಿಳೀ ಪುಡಿ ನೋಡಿದ. ಅವಳು ಕೈಗಳನ್ನು ಹಿಂದಕ್ಕೆಳೆದುಕೊಂಡಳು.

"ನನ್ನದೇ ತಪ್ಪು," ಎಂದನವನು ಮೆಲ್ಲಗೆ. "ಅವಸರದಲ್ಲಿ ಜಾಸ್ತಿ ಉಜ್ಜಿಬಿಟ್ಟೆ."

"ನೀನಾ?" ಪೈಲಟ್ ಜೋರಾಗಿ ನಕ್ಕಳು. ಅವನೂ ನಕ್ಕ. ಇಬ್ಬರಿಗೂ ಗೊತ್ತಿದ್ದ, ಅವಳೊಬ್ಬಳಿಗೇ ಗೊತ್ತಿಲ್ಲದ ಲೋಕವೊಂದರ ನಗು ಅದು.

"ನನಗೆ ಕೆಲಸ ಇದೆ," ಎಂದಷ್ಟೇ ಹೇಳಿ ಅವಳು ಹೊರಬಿದ್ದಳು. ಚಪ್ಪಲಿ ಮೆಟ್ಟಿದ್ದು ನೆನಪಿಲ್ಲ. ಬೀದಿ ತಿರುಗಿದ್ದು ನೆನಪಿಲ್ಲ.

ಬೈದಿದ್ದರೆ ಜಗಳವಾಡಬಹುದಿತ್ತು. ಮುಚ್ಚಿಟ್ಟರಲ್ಲ... ಅದೂ ಅವಳ ಮುಂದೆ!

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಕುಂಚ ಅವನ ಮನೆಯಲ್ಲೇ ಉಳಿದಿತ್ತು. ಬೇರೆ ಕುಂಚದಲ್ಲಿ ಬರೆದ ಹಲ್ಲುಗಳು ಒಂದೂ ಬಾಯಿಗೆ ಒಪ್ಪುವಂತಿರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಅರ ಹಿಡಿದದ್ದು ಪ್ರೀತಿಯೋ, ಹೊಟ್ಟೆಕಿಚ್ಚೋ? ಅವನ ತಪ್ಪು ಸಿಕ್ಕಿತೆಂದು ಮೊದಲು ಹಿಗ್ಗಿದ್ದು ಯಾರು? ತನ್ನೊಳಗೆ ಇಂಥವಳೊಬ್ಬಳು ಇದ್ದಾಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಲೇ," ಎಂದು ಲ್ಯಾಬಿನ ಅಕ್ಕ ಒಂದು ಮಧ್ಯಾಹ್ನ ಬಾಗಿಲಿನಿಂದ ಕೂಗಿದರು. "ಯಾರೋ ವಿಮಾನ ತಂದಿದ್ದಾರೆ ನೋಡೇ. ಅದಕ್ಕೆ ಹಲ್ಲು ಕಟ್ಟಿಸ್ಬೇಕೇನೋ!"

ಅವನು ನಿಂತಿದ್ದ. ಕೈಯಲ್ಲೊಂದು ಪೆಟ್ಟಿಗೆ, ಜೇಬಿನಲ್ಲಿ ಕುಂಚ. ಅಕ್ಕ ಬೇಕೆಂದೇ ಕೆಮ್ಮಿ ಒಳಗೆ ಹೋದರು.

"ನಾನೇ ಹಾಳು ಮಾಡಿದ್ದು," ಎಂದಳು ಅವಳು, ಅವನು ಬಾಯಿ ತೆರೆಯುವ ಮೊದಲೇ. "ನೀವು ಯಾಕೆ ಸುಳ್ಳು ಹೇಳಿದಿರಿ? ನನ್ನ ಮೇಲೆ ಕರುಣೆಯಾ?"

"ಅವಳೂ ನಂಬಲಿಲ್ಲ. 'ನಿನ್ನ ಅರ ಇಷ್ಟು ನಯವಾಗಿ ಓಡಲ್ಲ ಭಾವ' ಅಂದಳು." ಅವನು ಪೆಟ್ಟಿಗೆ ಕೆಳಗಿಟ್ಟ. "ತಪ್ಪು ನನ್ನದೂ ಹೌದು. ರೆಕ್ಕೆ ಉದ್ದ ಅಂತ ಮೊದಲೇ ಹೇಳಬಹುದಿತ್ತು. ನೀವೇ ಕೇಳ್ತೀರಿ ಅಂತ ಕಾದೆ. ಪ್ರತಿಯೊಂದಕ್ಕೂ ಕೇಳ್ತಿದ್ದಿರಿ... ಆಮೇಲೆ ಒಂದಿನ ನಿಲ್ಲಿಸಿಬಿಟ್ಟಿರಿ. ಯಾಕೆ?"

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು.

"ಒಂದು ಪ್ರಶ್ನೆ ಕೇಳೋಕೆ ಭಯ ಆಯ್ತು. ಅದಕ್ಕೇ... ಉಳಿದದ್ದೂ ನಿಂತುಹೋಯ್ತು."

"ಈಗ ಕೇಳಿ."

ಒಳಗೆ ಯಂತ್ರವೊಂದು ಗುಂಯ್‌ಗುಡುತ್ತಿತ್ತು.

"ಅವಳನ್ನ ಮದುವೆ ಆಗ್ತೀರಾ?"

ಅವನು ಕನ್ನಡಕ ತೆಗೆದು ಒರೆಸಿದ. ಬರಿಗಣ್ಣಿನಲ್ಲಿ ಅವನನ್ನು ಅವಳು ನೋಡಿದ್ದು ಅದೇ ಮೊದಲು.

"ಒಂದು ಕಾಲದಲ್ಲಿ ಕೇಳಿದ್ದೆ," ಎಂದ. "ನಿಮ್ಮ ಹತ್ತಿರ ಮುಚ್ಚಿಡಲ್ಲ. ಬೇಡ ಅಂದಳು. ನೋವಾಯ್ತು, ಆಮೇಲೆ ವಾಸಿಯೂ ಆಯ್ತು. ವಿಮಾನದ ಮಾತು ಅದಕ್ಕೂ ಹಳೇದು, ಉಳಿಸಿಕೊಳ್ಳೋಣ ಅಂತ ಮಾಡಿದೆ."

ಕೆಂಡ ಮತ್ತೊಮ್ಮೆ ನಿಗಿ ನಿಗಿ ಎಂದಿತು. "ಈಗ ಹೂಂ ಅಂದರೆ?"

"ಈಗ ನಾನು ಬೇಡ ಅಂತೀನಿ."

"ಯಾಕೆ?"

"ಭಾನುವಾರ ಯಾಕೆ ಇಷ್ಟು ತಡವಾಗಿ ಬರುತ್ತೆ ಅಂತ ಸೋಮವಾರದಿಂದಲೇ ಗೊಣಗ್ತೀನಂತೆ. ಅಮ್ಮ ಹೇಳ್ತಾರೆ." ಅವನ ದನಿ ಒಡೆಯಿತು. "ಅದಕ್ಕೆ."

ಅವಳು ಕಪಾಟಿನಿಂದ ಒಂದು ಪುಡಿಯ ಡಬ್ಬಿ, ಒಂದು ದ್ರವದ ಸೀಸೆ ತೆಗೆದಳು. ಹಲ್ಲು ಮಾಡುವ ಪುಡಿ. ಬಟ್ಟಲಲ್ಲಿ ಕಲೆಸಿದಳು. ಮೂಗಿಗೆ ಹತ್ತುವ ವಾಸನೆ ಎದ್ದಿತು. ಕಣ್ಣಲ್ಲಿ ನೀರು ಬಂದದ್ದು ಅದರಿಂದಲೇ ಎಂದುಕೊಂಡಳು.

"ಎಷ್ಟು ಉದ್ದ ಇತ್ತು? ತೋರಿಸಿ."

ಅವನು ಅಳತೆಕಡ್ಡಿ ಹಿಡಿದು ತೋರಿಸಿದ. ಅವಳು ಎಡರೆಕ್ಕೆಯ ತುದಿಗೆ ಆ ಹಿಟ್ಟನ್ನು ಕೂರಿಸಿ, ಬೆರಳಲ್ಲಿ ತೀಡಿದಳು.

"ಯಾಕೆ ಉದ್ದ?" ಎಂದಳು. ಎಷ್ಟೋ ವಾರಗಳ ನಂತರದ ಪ್ರಶ್ನೆ!

ಅವನ ಮುಖ ಅರಳಿತು. "ಮೂತಿಯಲ್ಲಿ ಪಂಖ ತಿರುಗುತ್ತಲ್ಲ, ಅದರ ರಭಸಕ್ಕೆ ವಿಮಾನ ಎಡಕ್ಕೆ ವಾಲುತ್ತೆ. ಆ ಕಡೆ ರೆಕ್ಕೆ ಸ್ವಲ್ಪ ಜಾಸ್ತಿ ಇದ್ದರೆ ಎತ್ತಿಹಿಡಿಯುತ್ತೆ, ನೆಟ್ಟಗೆ ಹಾರುತ್ತೆ."

"ನಾನು ಸಮ ಮಾಡಿ ಬೀಳಿಸಿಬಿಡ್ತಿದ್ದೆ."

"ಗಾಜಿನ ಪೆಟ್ಟಿಗೆಯಲ್ಲಿ ಇಡೋ ವಿಮಾನ, ಎಲ್ಲಿ ಬೀಳುತ್ತೆ? ನೀವು ಬರೋದು ನಿಂತಿದ್ರೆ ನಾನು ಮಾತ್ರ ಬೀಳ್ತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಈ ಸಲ ಅದು ಅವಳದೇ ನಗು.

ತುದಿ ಗಟ್ಟಿಯಾಯಿತು. ಅವನ ಜೇಬಿನಿಂದ ಅವಳೇ ಕುಂಚ ಎಳೆದುಕೊಂಡಳು. ಮರಳಿನ ಬಣ್ಣ ಹಚ್ಚಿ, ಒಣಗಲು ಬಿಟ್ಟು, ಉಸಿರು ಬಿಡುತ್ತಾ ಬಿಡುತ್ತಾ ಕೊನೆಯ ಉಂಗುರ ಬರೆದಳು.

"ಇದನ್ನ ಪೈಲಟ್‌ಗೇ ಕೊಡೋದಾ?"

"ಮಾತು ಕೊಟ್ಟಿದ್ದೀನಲ್ಲ... ಬೇಡವಾ?"

ಅವಳು ವಿಮಾನವನ್ನು ಸ್ವಲ್ಪ ಹೊತ್ತು ತನ್ನ ಬಳಿಯೇ ಹಿಡಿದುಕೊಂಡಳು. ಆಮೇಲೆ ಪೆಟ್ಟಿಗೆಯೊಳಗೆ ಇಟ್ಟಳು.

"ಕೊಡು," ಎಂದಳು. ಬಾಯಿಂದ 'ನೀನು' ತಾನಾಗಿ ಜಾರಿತ್ತು. ಅವನು ಬೆಚ್ಚಿ ತಲೆ ಎತ್ತಿದ. "ಕೊಡುವಾಗ, ಎಡರೆಕ್ಕೆಯ ತುದಿ ನನ್ನದು ಅಂತ ಹೇಳಿ ಕೊಡು."

"ಹೇಳ್ತೀನಿ." ಅವನ ಬೆರಳು ಅವಳ ಬಣ್ಣದ ಬೆರಳಿಗೆ ತಾಕಿತು. "ಕಟ್ಟಿದವನು ಯಾರಿಗೆ ಸೇರಿದವನು ಅಂತ ಕೇಳಿದರೆ?"

"ಅವನೂ ನನ್ನವನೇ ಅಂತ ಹೇಳು," ಎಂದಳು ಅವಳು, ಕಣ್ಣು ಕೆಳಗೆ ಹಾಕಿ. "ಸ್ವಲ್ಪ ಜೋರಾಗೇ ಹೇಳು."