ಪೂಜೆಗೆ ಸಿಗದ ಡ್ರೋನ್

ಆಯುಧಪೂಜೆಯ ಬೆಳಿಗ್ಗೆ ಪುಟ್ಟಲಕ್ಷ್ಮಿ ಡೇರಿ ಪಕ್ಕದ ಕೋಣೆಯ ಬೀಗ ತೆಗೆದಳು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಮೇಲೊಂದು ಚೆಂಡುಹೂವಿನ ಹಾರ. ಹಿಂದೆ ಮಹಿಳಾ ಸಂಘದವರೆಲ್ಲ ನಿಂತಿದ್ದರು. ರಾಚಮ್ಮನ ಕಂಕುಳಲ್ಲಿ ಒಡೆಯಲು ತಂದ ಬೂದುಗುಂಬಳಕಾಯಿ.

ಕೋಣೆಯಲ್ಲಿ ಡ್ರೋನ್ ಇರಲಿಲ್ಲ.

"ತಾನೇ ಹಾರೋಯ್ತಾ?" ಅಂದಳು ರಾಚಮ್ಮ. ಯಾರೂ ನಗಲಿಲ್ಲ.

ಹನಗೋಡಿನ ಸುತ್ತಲ ಗದ್ದೆಗಳಿಗೆ ಔಷಧಿ ಹೊಡೆಯಲೆಂದು ಸಂಘಕ್ಕೆ ಬಂದ ಡ್ರೋನ್ ಅದು. ಹಾರಿಸುವ ಲೈಸೆನ್ಸ್ ಇದ್ದದ್ದು ಪುಟ್ಟಲಕ್ಷ್ಮಿ ಒಬ್ಬಳಿಗೇ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಎರಡೇ. ಒಂದು ಅವಳ ಹತ್ತಿರ, ಇನ್ನೊಂದು ಸಂಘದ ಅಧ್ಯಕ್ಷೆ ರಾಧಾ ಹತ್ತಿರ.

ಮಧ್ಯಾಹ್ನದೊಳಗೆ ರಾಧಾ ಹುಣಸೂರಿಗೆ ಹೋಗಿ ಕಂಪ್ಲೇಂಟ್ ಕೊಟ್ಟಳು. ಕಳ್ಳರ ಹೆಸರನ್ನೂ ತಾನೇ ಬರೆಸಿದಳು: ಪುಟ್ಟಲಕ್ಷ್ಮಿ.

* * *

ಮಾರನೆಯ ದಿನ ಹನಗೋಡಿಗೆ ಹೊರಟಾಗಲೇ ಸಬ್ ಇನ್‌ಸ್ಪೆಕ್ಟರ್ ರೂಪಶ್ರೀಗೆ ತಲೆ ಕೆಟ್ಟಿತ್ತು. ಅರ್ಧ ಠಾಣೆ ದಸರಾ ಬಂದೋಬಸ್ತಿಗೆ ಮೈಸೂರು ಸೇರಿತ್ತು. ಉಳಿದೊಬ್ಬ ಕಾನ್‌ಸ್ಟೇಬಲ್ ಶಶಿಕುಮಾರ್ ಭಕ್ತಿ ಹೆಚ್ಚಾಗಿ ಜೀಪಿನ ಮುಂದಿನ ಗಾಜಿಗೆಲ್ಲ ವಿಭೂತಿ ಬಳಿದಿದ್ದ. ದಾರಿಯುದ್ದಕ್ಕೂ ಕತ್ತು ಓರೆ ಮಾಡಿಕೊಂಡೇ ಓಡಿಸಿದ.

"ಒರೆಸೋ ಮಾರಾಯ."

"ಇವತ್ತು ಒರೆಸಬಾರ್ದು ಮೇಡಂ. ಒಳ್ಳೇದಲ್ಲ."

"ಹೋಗಿ ಮರಕ್ಕೆ ಗುದ್ದಿದ್ರೆ ಒಳ್ಳೇದಾ?"

ಕೋಣೆಯಲ್ಲಿ ಪುಟ್ಟಲಕ್ಷ್ಮಿ ಒಬ್ಬಳೇ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಮೂಲೆಯಲ್ಲಿ ರಿಮೋಟ್, ಚಾರ್ಜರ್, ಬ್ಯಾಟರಿಗಳು ಇದ್ದಲ್ಲೇ ಇದ್ದವು.

"ಡ್ರೋನ್ ಎಲ್ಲಿದೆ ಅಂತ ಮೊಬೈಲಲ್ಲಿ ಗೊತ್ತಾಗಲ್ವೇನಮ್ಮ?"

"ಗೊತ್ತಾಯ್ತದೆ ಮೇಡಂ. ಬ್ಯಾಟರಿ ಹಾಕಿದ್ರೆ."

"ಅಂದ್ರೆ ಕದ್ದವನೇ ಬ್ಯಾಟರಿ ಹಾಕಿ ನಮಗೆ ವಿಳಾಸ ಕೊಡ್ಬೇಕು. ಚೆನ್ನಾಗಿದೆ!"

ರೂಪಶ್ರೀ ಡ್ರೋನ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಬಹಳ ಹೊತ್ತು ಹಾಡು ಕೇಳಿಸಿ, ಕೊನೆಗೊಬ್ಬ ಹುಡುಗ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಡ್ರೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಅಂದ.

"ಡ್ರೋನೇ ಇಲ್ಲ ಕಣಪ್ಪಾ!"

ಅವನು ದಸರಾ ಶುಭಾಶಯ ಹೇಳಿ ಇಟ್ಟುಬಿಟ್ಟ.

ಪುಟ್ಟಲಕ್ಷ್ಮಿ ಮೆಲ್ಲಗೆ ಅಂದಳು, "ನಮ್ಮತ್ತೆ ಟ್ರೇನಿಂಗ್‌ಗೆ ಕಳ್ಸಕ್ಕೇ ಒಪ್ಪಿರ್ನಿಲ್ಲ. ಈಗ ನೀರಿಗೋದ್ರೆ ಎಲ್ರೂ ಕಳ್ಳಿ ಬಂದ್ಲು ಅಂತಾರೆ. ಸಂಜೆ ಮೀಟಿಂಗ್‌ನಲ್ಲಿ ನನ್ನ ಸಂಘದಿಂದ ತೆಗೆದಾಕ್ತಾರಂತೆ."

ರೂಪಶ್ರೀ ಮೂಲೆಯ ರಿಮೋಟನ್ನೇ ನೋಡುತ್ತಿದ್ದಳು.

* * *

"ನಾನೇಳ್ದೆ ಅಂತ ಹೇಳ್ಬ್ಯಾಡಿ," ಅಂತ ರಾಚಮ್ಮ ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು. "ಔಷಧಿ ಅಂಗಡಿ ನೀಲಕಂಠಸ್ವಾಮಿನ ಇಡೀರಿ. ಡ್ರೋನ್ ಬಂದ್ಮೇಲೆ ಔಷಧಿ ಕಮ್ಮಿ ಸಾಕು. ಅವನ ಯಾಪಾರ ಬಿದ್ದೋಗದೆ."

ನೀಲಕಂಠಸ್ವಾಮಿ ಕುರ್ಚಿ ಒರೆಸಿ ಕೂರಿಸಿದ. "ನನ್ ಮೇಲೆ ಅನುಮಾನನಾ? ಸಿಸಿ ಕ್ಯಾಮೆರಾ ನೋಡಿ ಮೇಡಂ! ಡೇರಿ ಬಾಗ್ಲು ನೇರವಾಗಿ ಕಾಣ್ತದೆ!"

ನೋಡಿದಳು. ಹಬ್ಬಕ್ಕೆ ಮುಂಚಿನಿಂದ ಹಿಂದಿನ ದಿನದವರೆಗಿನ ರೆಕಾರ್ಡಿಂಗಿನಲ್ಲೆಲ್ಲ ಬರೀ ಒಂದು ಹಳದಿ ಹೂವು ಕಂಡಿತು.

"ಏನ್ರೀ ಇದು?"

"ಓ... ಹಬ್ಬಕ್ಕೆ ಮೊದ್ಲೇ ಕ್ಯಾಮೆರಾಗೂ ಹಾರ ಹಾಕ್ಬುಟ್ಟೆ ಅಲ್ವಾ. ಊರಿಗೆ ಹೋಗೋ ಅವಸರ."

ಹಬ್ಬಕ್ಕೆ ಮುಂಚೆಯೇ ಅವನು ಅಂಗಡಿ ಮುಚ್ಚಿ ಕಂಪಲಾಪುರದ ಮಾವನ ಮನೆಗೆ ಹೋಗಿದ್ದ. ವಾಪಸ್ ಬಂದದ್ದು ಇವತ್ತು ಬೆಳಿಗ್ಗೆ. ಮಾವನಿಗೆ ಫೋನ್ ಮಾಡಿದರೆ ಮಾವ, "ಇಲ್ಲೇ ಬಿದ್ದಿದ್ದ ಮೇಡಂ. ಅವನು ತಿಂದ ಒಬ್ಬಟ್ಟಿನ ಲೆಕ್ಕ ಹೇಳ್ಲಾ?" ಅಂದ.

"ಅಲ್ಲ ಮೇಡಂ," ನೀಲಕಂಠಸ್ವಾಮಿ ಗೊಣಗಿದ, "ಡ್ರೋನ್ ಹಾರುದ್ರೂ ನನ್ನ ಔಷಧಿನೇ ತಾನೇ ಕುಡಿಯೋದು? ನಾನ್ಯಾಕೆ ಕದೀಲಿ?"

ಅದೂ ಸರಿಯೇ. ರೂಪಶ್ರೀಗೆ ಇನ್ನಷ್ಟು ಸಿಟ್ಟು ಬಂತು.

* * *

ಉಳಿದದ್ದು ಎರಡನೆಯ ಬೀಗದ ಕೈ. ಅದನ್ನು ತೋರಿಸಲು ರಾಧಾ ಮನೆಗೇ ಕರೆದುಕೊಂಡು ಹೋದಳು. ದೇವರ ಪಟದ ಪಕ್ಕದ ಮೊಳೆಯಲ್ಲಿ ಅದು ನೇತಾಡುತ್ತಿತ್ತು.

"ಯಾವಾಗ್ಲೂ ಇಲ್ಲೇ ಇರುತ್ತಾ?"

"ಇಲ್ಲೇ ಮೇಡಂ. ನಮ್ಮನೆಗೆ ಕಳ್ಳರು ಬರಕ್ಕಿಲ್ಲ. ಆ ಪುಟ್ಟಲಕ್ಷ್ಮಿನೇ, ಇನ್ಯಾರು?"

ಅಂಗಳದಲ್ಲಿ ರಾಧಾಳ ಗಂಡ ನಿಂಗಯ್ಯ ಟ್ರ್ಯಾಕ್ಟರ್ ಒರೆಸುತ್ತಿದ್ದ. ಹಿಂದೆ ಊರವರ ಗದ್ದೆಗೆ ಬಾಡಿಗೆಗೆ ಹೊಡೆಯುವ ಔಷಧಿಯ ಟ್ಯಾಂಕು, ಸುತ್ತಿಟ್ಟ ಉದ್ದನೆಯ ಪೈಪು. ಇಂಜಿನ್ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು.

"ಈ ಸಲ ಎಷ್ಟು ಗದ್ದೆಗೆ ಹೊಡೆದ್ರಿ ನಿಂಗಯ್ಯ?"

"ಎಲ್ಲಿ ಮೇಡಂ. ಎಲ್ರೂ ಮೇಲ್ಕೆ ನೋಡ್ಕಂಡು ನಿಂತವ್ರೆ."

ಅಂಗಳದ ಆಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಬಾಗಿಲಿಗೆ ಬೀಗ. ಒಲೆಯ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಆದರೆ ಬಾಗಿಲ ಮುಂದೆ ಒಡೆದ ಬೂದುಗುಂಬಳಕಾಯಿಯ ಹೋಳು, ಕುಂಕುಮ ಇನ್ನೂ ಕೆಂಪಗಿತ್ತು.

"ಈ ವರ್ಷ ಬ್ಯಾರನ್ ಹಚ್ಚಿಲ್ವಾ?"

"ಇಲ್ಲ. ಸೊಪ್ಪು ಹಾಕಿಲ್ಲ."

"ಮತ್ತೆ ಕುಂಬಳಕಾಯಿ?"

"ಬ್ಯಾರನ್‌ಗೂ ಪೂಜೆ ಮಾಡ್ಬೇಕಲ್ವಾ ಮೇಡಂ."

ರೂಪಶ್ರೀ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಒಲೆಯ ಹತ್ತಿರ ಬಗ್ಗಿದಳು. ಎದ್ದಳು.

"ಬಾಗಿಲು ತೆಗೀರಿ."

"ಬೀಗದ ಕೈ ಕಳೆದೋಗದೆ."

"ಶಶಿ, ಕಲ್ಲು ತಗೊಂಡ್ ಬಾ."

ನಿಂಗಯ್ಯನ ಅಂಗಿ ಜೇಬಿನಲ್ಲೇ ಬೀಗದ ಕೈ ಸಿಕ್ಕಿತು.

ಒಳಗೆ ಕತ್ತಲಲ್ಲಿ ಡ್ರೋನ್ ಕೂತಿತ್ತು. ಒಂದೊಂದು ರೆಕ್ಕೆಗೂ ಚೆಂಡುಹೂವು. ಟ್ಯಾಂಕಿನ ಮೇಲೆ ವಿಭೂತಿ ಕುಂಕುಮ. ಮುಂದೆ ಬಾಳೆಹಣ್ಣು, ಊದುಬತ್ತಿಯ ಬೂದಿ. ಚಕ್ರವಿಲ್ಲವಲ್ಲ, ಕಾಲುಗಳ ಕೆಳಗೇ ನಿಂಬೆಹಣ್ಣು ಇಟ್ಟಿದ್ದ.

* * *

ಮಾತು ಬೆಂಕಿಗಿಂತ ಬೇಗ ಹಬ್ಬಿತು. ಸಂಜೆ ಮೀಟಿಂಗಿಗೆ ಸೇರಬೇಕಿದ್ದವರೆಲ್ಲ ನಿಂಗಯ್ಯನ ಅಂಗಳದಲ್ಲೇ ಸೇರಿದರು. ಪುಟ್ಟಲಕ್ಷ್ಮಿ, ಅವಳ ಅತ್ತೆ ಇಬ್ಬರೂ ಬೇಲಿ ಹತ್ತಿರ ನಿಂತರು.

"ಮಾರೋ ಕಳ್ಳ ರಿಮೋಟ್, ಬ್ಯಾಟರಿ ಬಿಟ್ಟು ಹೋಗಲ್ಲ," ರೂಪಶ್ರೀ ಅಂದಳು. "ಅವಿಲ್ಲದ ಡ್ರೋನ್ ಗುಜರಿಗೇ ಸೈ. ಪುಟ್ಟಲಕ್ಷ್ಮಿ ಆಗಿದ್ರೆ ಅವನ್ನೇ ಮೊದಲು ತಗೊಳ್ತಿದ್ಲು. ಹಾಗಾದ್ರೆ ಕದ್ದವನಿಗೆ ಡ್ರೋನ್ ಬೇಕಿರಲಿಲ್ಲ. ಅದು ಹಾರೋದು ಬೇಡವಾಗಿತ್ತು. ಯಾರಿಗೆ? ಪೈಪ್ ಎಳೆದು ಔಷಧಿ ಹೊಡೆಯೋನಿಗೆ. ಬೀಗ ಮುರಿಯದೆ ತೆಗೆಯೋಕೆ ಕೀ ಅವನ ಮನೆ ಮೊಳೇಲೇ ಇತ್ತು."

"ಬ್ಯಾರನ್‌ನಲ್ಲಿ ಅಂತ ಹೆಂಗೆ ಗೊತ್ತಾಯ್ತು ಮೇಡಂ?" ಅಂದ ಶಶಿಕುಮಾರ್.

"ಬ್ಯಾರನ್‌ಗೆ ಪೂಜೆ ಅಂದ. ಬಾಗಿಲಿಗೆ ಒಂದು ಬೊಟ್ಟು ಕುಂಕುಮ ಇಲ್ಲ. ಒಲೆಗೆ ವಿಭೂತಿ ಇಲ್ಲ, ಜೇಡರ ಬಲೆ ಕೂಡ ತೆಗೆದಿಲ್ಲ. ಮತ್ತೆ ಕುಂಬಳಕಾಯಿ ಒಡೆದದ್ದು ಯಾರಿಗೆ? ಒಳಗಿದ್ದೋರಿಗೆ." ನಿಂಗಯ್ಯನ ಕಡೆ ತಿರುಗಿದಳು. "ಅಲ್ರೀ, ಕದ್ದಿದ್ದೂ ಅಲ್ದೆ ಪೂಜೆ ಬೇರೆ ಮಾಡಿದ್ದೀರಲ್ಲ!"

ನಿಂಗಯ್ಯನಿಗೆ ನಿಜವಾಗಿಯೂ ಬೇಸರವಾಯಿತು. "ಕದ್ದಿದ್ದಾದ್ರೂ ಯಂತ್ರ ಅಲ್ವಾ ಮೇಡಂ? ಹಬ್ಬದ ದಿನ ನಮ್ಮ ಸೂರಡಿ ಇರೋದುಕ್ಕೆ ಒಂದು ಹೂವೂ ಇಡ್ದೆ ಇರಕ್ಕಾಯ್ತದಾ?"

ರೂಪಶ್ರೀ ಎರಡೂ ಕೈಯಿಂದ ಹಣೆ ಒತ್ತಿಕೊಂಡಳು.

"ಕುಯ್ಲು ಆಗೋಗಂಟ ಇಟ್ಕಂಡು ವಾಪಸ್ ಇಡ್ತಿದ್ದೆ," ನಿಂಗಯ್ಯ ಹೆಂಡತಿಯ ಕಡೆ ನೋಡಿದ. "ಸಾಮಾನು ಸಿಕ್ತಲ್ಲ, ಕಂಪ್ಲೇಂಟ್ ವಾಪಸ್ ತಗೋ. ಮನೆ ಮಾತು ಮನೇಲೇ ಇರ್ಲಿ."

ಶಶಿಕುಮಾರ್ ಆಗಲೇ ರಾಜಿಗೆ ಬಿಳಿ ಹಾಳೆ ಹುಡುಕುತ್ತಿದ್ದ. ಇಂಥವು ಮುಗಿಯುವುದೇ ಹಾಗೆ. ರೂಪಶ್ರೀಗೂ ಗೊತ್ತಿತ್ತು. ಅದಕ್ಕೇ ಕೇಳಿದಳು, "ಏನ್ರಮ್ಮ, ವಾಪಸ್ ತಗೊಳ್ತೀರಾ?"

ರಾಧಾ ಗಂಡನನ್ನು ನೋಡಲಿಲ್ಲ. ಬೇಲಿಯ ಕಡೆ ನೋಡಿದಳು. ಪುಟ್ಟಲಕ್ಷ್ಮಿ ತಲೆ ತಗ್ಗಿಸಿರಲಿಲ್ಲ.

"ವಾಪಸ್ ತಗಂಡ್ರೆ, ಆ ಹುಡ್ಗೀನೇ ಕದ್ದಿದ್ಲು, ಪಾಪ ಅಂತ ಬುಟ್ರು ಅನ್ಕತದೆ ಊರು," ಅಂದಳು. "ವಾಪಸ್ ಬ್ಯಾಡ ಮೇಡಂ. ಹೆಸರು ಬದಲಾಯ್ಸಿ."

"ಯಾರ ಹೆಸರು ಬರ್ಕೊಳ್ಲಿ? ನೀವೇ ಹೇಳಬೇಕು."

ಮದುವೆಯಾದ ಲಾಗಾಯ್ತು ರಾಧಾ ಗಂಡನ ಹೆಸರು ಹಿಡಿದು ಕರೆದವಳಲ್ಲ. ಸೆರಗು ಸರಿ ಮಾಡಿಕೊಂಡು, ಬೇಲಿಯಾಚೆಯವರಿಗೂ ಕೇಳುವ ಹಾಗೆ ಹೇಳಿದಳು.

"ನಿಂಗಯ್ಯ."