ಮೂರನೇ ತಂತಿ

“ನಿಲ್ಲಿಸಿ, ನಿಲ್ಲಿಸಿ” ಎಂದರು ಮ್ಯೂಸಿಕ್ ಸರ್.

ಹಾಡು ಅರ್ಧಕ್ಕೇ ನಿಂತಿತು. ಡ್ರಮ್ ಬಾರಿಸುವ ಹುಡುಗ ಮಾತ್ರ ಒಂದೇಟು ಜಾಸ್ತಿ ಹೊಡೆದು ನಾಲಿಗೆ ಕಚ್ಚಿಕೊಂಡ. ಸರ್ ಅವನನ್ನು ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ಗಿಟಾರ್ ಹಿಡಿದಿದ್ದ ಜಿರಾಫೆಯ ಎಡಗೈಯನ್ನು.

ಜಿರಾಫೆ ಅಂದರೆ ಆರನೇ ಕ್ಲಾಸಿನ ಎಲ್ಲರಿಗಿಂತ ಉದ್ದದ ಹುಡುಗಿ. ಆ ಹೆಸರಿಟ್ಟವಳು ಅವಳ ಜೀವದ ಗೆಳತಿ ಚೂಟಿ. ಜಿರಾಫೆಗೆ ಅದರಿಂದೇನೂ ಬೇಜಾರಿಲ್ಲ. ಕಪಾಟಿನ ಮೇಲೆ ಬಿದ್ದ ಚೆಂಡು ಬೇಕಾದಾಗ ಎಲ್ಲರೂ ತನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಅವಳೇ ನಗುತ್ತಾಳೆ. ಇವತ್ತು ಮಾತ್ರ ಅವಳ ಮುಖದಲ್ಲಿ ನಗು ಇರಲಿಲ್ಲ.

“ಮತ್ತೆ ಝುಯ್ಯ್ ಅಂತಿದೆಯಲ್ಲಮ್ಮ” ಎಂದರು ಸರ್. “ಮೂರನೇ ತಂತೀನ ಮುಟ್ಟಬಾರದು, ಅದನ್ನ ಹಾಗೇ ಬಿಡಬೇಕು. ಪಕ್ಕದ ತಂತಿ ಒತ್ತೋ ಬೆರಳು ಅದಕ್ಕೆ ತಾಗ್ತಿದೆ. ಸ್ವಲ್ಪ ಎತ್ತಿ ಹಿಡಿ.”

ಜಿರಾಫೆ ಬೆರಳು ಎತ್ತಿ ಹಿಡಿದಳು. ಮಣಿಕಟ್ಟನ್ನು ಸೊಟ್ಟ ಮಾಡಿ, ಭುಜವನ್ನು ಕಿವಿಯ ತನಕ ಏರಿಸಿ, ಉಸಿರು ಬಿಗಿಹಿಡಿದು ಮೀಟಿದಳು. ಉಳಿದ ತಂತಿಗಳೆಲ್ಲ ಚೆನ್ನಾಗಿಯೇ ನುಡಿದವು. ಮೂರನೆಯದು ಮಾತ್ರ ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಝುಯ್ಯ್ ಎಂದಿತು.

“ಅವಳ ಬೆರಳೇ ದಪ್ಪ ಸರ್” ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ಕಿಸಕ್ಕನೆ ನಕ್ಕರು.

ಚೂಟಿ ನಗಲಿಲ್ಲ. ಅವಳು ಕೋರಸ್ ಸಾಲಿನಲ್ಲಿ ನಿಂತು ತನ್ನ ಶೂ ಲೇಸನ್ನೇ ನೋಡುತ್ತಿದ್ದಳು. ಆ ತಂತಿ ಯಾಕೆ ಹಾಗೆ ಗುಂಯ್‌ಗುಡುತ್ತಿದೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಶುಕ್ರವಾರದೊಳಗೆ ಸರಿಹೋಗದಿದ್ದರೆ ವಾರ್ಷಿಕೋತ್ಸವದಲ್ಲಿ ಎಂಟನೇ ಕ್ಲಾಸಿನ ಹುಡುಗ ಗಿಟಾರ್ ಬಾರಿಸಲಿ, ಜಿರಾಫೆಯದನ್ನು ಮುಂದಿನ ವರ್ಷ ನೋಡೋಣ ಎಂದು ಸರ್ ಮೆತ್ತಗೆ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಗಿಟಾರ್ ಜಿರಾಫೆಯ ಅಣ್ಣನದು. ಅವನು ಒಂದು ತಿಂಗಳು ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದು, ಆಮೇಲೆ ಸೈಕಲ್ ಬಂದ ಮೇಲೆ ಮಂಚದ ಕೆಳಗೆ ತಳ್ಳಿದ್ದ. ನಾಬ್ ತಿರುಗಿಸಿದರೆ ಕರಕರ, ಸ್ಪೀಕರಿಗೆ ಹಾಕಿದರೆ ಗೊರಗೊರ. ಅದನ್ನು ತನ್ನ ಮಾಮನ ಹತ್ತಿರ ತರಲು ಹೇಳಿದವಳು ಚೂಟಿಯೇ.

ಮಾಮ ಅಂದರೆ ಚೂಟಿಯ ಅಮ್ಮನ ತಮ್ಮ. ಅವರ ಮನೆಯ ಮಹಡಿ ಕೋಣೆಯಲ್ಲೇ ಇರುತ್ತಾನೆ. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ. ಭಾನುವಾರ ಬಂತೆಂದರೆ ಗಿಟಾರ್ ಹುಚ್ಚು. ಹಳೇ ಎಲೆಕ್ಟ್ರಿಕ್ ಗಿಟಾರ್ ಒಂದು ಕೈಗೆ ಸಿಕ್ಕರೆ ಸಾಕು, ಮೇಜಿನ ಮೇಲೆಲ್ಲ ಬಿಚ್ಚಿ ಹರಡಿಬಿಡುತ್ತಾನೆ. ತಂತಿ ಬಿಗಿಯುವ ಕೀಲಿ ಸಡಿಲವಾಗಿದ್ದರೆ ತೆಗೆದು ಹೊಸದು ಹಾಕುತ್ತಾನೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಎಂಬ ಪುಟ್ಟ ಡಬ್ಬಿಯನ್ನೇ ಬದಲಿಸುತ್ತಾನೆ. ಶರ್ಟಿಗೆ ಗುಂಡಿ ಹಾಕಿಕೊಳ್ಳಲು ಪುರುಸೊತ್ತಿಲ್ಲ, ಇದಕ್ಕೆ ಮಾತ್ರ ಪುರುಸೊತ್ತಿದೆ ಎಂದು ಚೂಟಿಯ ಅಮ್ಮ ಗೊಣಗುತ್ತಲೇ ಇರುತ್ತಾಳೆ. ಅದು ಅವನ ಕಿವಿಗೇ ಬೀಳುವುದಿಲ್ಲ.

ಚೂಟಿ ಅವನ ಅಸಿಸ್ಟೆಂಟ್. ಸ್ಕ್ರೂ ಎಣಿಸಿ ಬಟ್ಟಲಿಗೆ ಹಾಕುವುದು, ಟಾರ್ಚ್ ಹಿಡಿಯುವುದು, ಬೆಸುಗೆ ಹಾಕುವಾಗ ವೈರ್ ಅಲುಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ಜಿರಾಫೆಯ ಗಿಟಾರಿಗೆ ಇಬ್ಬರೂ ಸೇರಿ ಹೊಸ ಪಿಕಪ್ ಹಾಕಿದರು. ಗೊರಗೊರ ನಿಲ್ಲಲೆಂದು ಪಿಕಪ್ ಕೂರುವ ಕುಳಿಯೊಳಗೆ ತಾಮ್ರದ ಹಾಳೆ ಅಂಟಿಸಿದರು. ಕೊನೆಗೆ ಮಾಮ ತಂತಿಗಳನ್ನು ಬಿಗಿದು, ಶ್ರುತಿ ಮಾಡಿ, ಎಲ್ಲ ಸರಿಯಿದೆ ಎಂದು ಹೇಳಿ ಸ್ನಾನಕ್ಕೆ ಹೋದ.

ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಚೂಟಿಯ ಕೈ ಸುಮ್ಮನಿರಬೇಕಲ್ಲ?

ಶಾಲೆಯಲ್ಲಿ ಅವಳು ಆಗಲೇ ಜಂಬ ಕೊಚ್ಚಿಕೊಂಡಿದ್ದಳು. ಮಾಮ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಾನೆ, ಅರ್ಧಕ್ಕರ್ಧ ಕೆಲಸ ನನ್ನದೇ ಎಂದಿದ್ದಳು. ಆದರೆ ಈ ಗಿಟಾರಿನಲ್ಲಿ ಇದು ನನ್ನದು ಎಂದು ತೋರಿಸಲು ಏನೂ ಇರಲಿಲ್ಲ. ಗಿಟಾರಿನ ಕತ್ತಿನ ತುದಿಯಲ್ಲಿ ಒಂದು ಬಿಳಿ ಪಟ್ಟಿ ಇರುತ್ತದೆ. ಅದರಲ್ಲಿ ಒಂದೊಂದು ತಂತಿಗೂ ಒಂದೊಂದು ಗೀರು. ಗೀರು ಸ್ವಲ್ಪ ಆಳವಾದರೆ ತಂತಿ ತಗ್ಗುತ್ತದೆ, ಒತ್ತಲು ಸುಲಭ. ಮಾಮ ತೆಳ್ಳನೆಯ ಅರದಿಂದ ಹಾಗೆ ಉಜ್ಜುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅವನು ಎರಡು ಸಲ ಉಜ್ಜಿ, ತಂತಿ ಕೂರಿಸಿ, ಮೀಟಿ ನೋಡುತ್ತಿದ್ದ. ಮತ್ತೆ ಎರಡು ಸಲ, ಮತ್ತೆ ಮೀಟಿ ನೋಡುವುದು. ನೋಡುವವರಿಗೆ ಆಕಳಿಕೆ ಬರುತ್ತಿತ್ತು.

ಚೂಟಿ ಮೂರನೇ ತಂತಿಯನ್ನು ಸಡಿಲ ಮಾಡಿ ಸರಿಸಿದಳು. ಅರ ಆಡಿಸಿದಳು. ಬಿಳಿ ಪುಡಿ ಉದುರುವುದು ಚೆನ್ನಾಗಿತ್ತು. ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತ ಉಜ್ಜುತ್ತಲೇ ಹೋದಳು. ತಂತಿ ವಾಪಸ್ ಬಿಗಿದು ಮೀಟಿದಾಗ ಅದು ಕೆಳಗಿನ ಲೋಹದ ಪಟ್ಟಿಗೆ ತಾಗಿ ಝುಯ್ಯ್ ಎಂದಿತು. ಸ್ಪೀಕರಿಗೆ ಹಾಕಿದರೆ ಕೇಳಿಸಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಪುಡಿಯನ್ನು ಊದಿ, ಗಿಟಾರನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಸ್ಪೀಕರಿಗೆ ಹಾಕಿದಾಗ ಇಡೀ ಕೋಣೆಗೇ ಕೇಳಿಸಿತು.

ಪ್ರಾಕ್ಟೀಸ್ ಮುಗಿದ ಮೇಲೆ ಜಿರಾಫೆ ಮೆಟ್ಟಿಲ ಮೇಲೆ ಕೂತಿದ್ದಳು. ಚೂಟಿ ಪಕ್ಕದಲ್ಲಿ ಕೂತಾಗ ಅವಳು ಎಡಗೈ ಚಾಚಿ ತೋರಿಸಿದಳು. ಉಗುರುಗಳನ್ನು ಬುಡದ ತನಕ ಕತ್ತರಿಸಿಕೊಂಡಿದ್ದಳು. ಒಂದು ಬೆರಳಿನ ತುದಿ ಕೆಂಪಗೆ ಊದಿತ್ತು.

“ನನ್ನ ಕೈಯೇ ಸರಿಯಿಲ್ಲ ಕಣೆ” ಎಂದಳು. “ನಿಮ್ಮ ಮಾಮ ಅಷ್ಟು ಚೆನ್ನಾಗಿ ಮಾಡ್ಕೊಟ್ರು. ನನಗೇ ಬರ್ತಿಲ್ಲ. ಅವರಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೋತಾರೆ.”

ಚೂಟಿ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಗೆ ಬಂದದ್ದು ಬೇರೆ. ನಾಬ್ ಸರಿಯಿದೆಯಾ ಅಂತ ಮಾಮ ಇನ್ನೊಂದು ಸಲ ನೋಡಬೇಕಂತೆ, ಇವತ್ತೊಂದು ದಿನ ಗಿಟಾರ್ ಕೊಡು ಎಂದಳು. ಜಿರಾಫೆ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟಳು. ಅಷ್ಟು ನಂಬಿಕೆ ಅವಳಿಗೆ. ಮನೆಯ ದಾರಿಯುದ್ದಕ್ಕೂ ಆ ಬ್ಯಾಗು ಚೂಟಿಯ ಬೆನ್ನಿಗೆ ಕಲ್ಲಿನ ಹಾಗೆ ಭಾರವಾಗಿತ್ತು.

ಸಂಜೆ ಅಂಗಡಿಯಿಂದ ಬಂದ ಮಾಮ ಮೂರನೇ ತಂತಿಯನ್ನು ಒಂದು ಸಲ ಮೀಟಿದ. ಆಮೇಲೆ ಬೆರಳಿಂದ ಒತ್ತಿ ಮೀಟಿದ. ಒತ್ತಿದರೆ ಸರಿ, ಬಿಟ್ಟರೆ ಝುಯ್ಯ್. ಕಣ್ಣಿಗೆ ಭೂತಗನ್ನಡಿ ಹಿಡಿದು ಬಿಳಿ ಪಟ್ಟಿಯ ಹತ್ತಿರ ಬಗ್ಗಿದ. ತುಂಬ ಹೊತ್ತು ತಲೆ ಎತ್ತಲಿಲ್ಲ. ತಲೆ ಎತ್ತುವುದೇ ಬೇಡ ಎಂದು ಚೂಟಿ ಬೇಡಿಕೊಳ್ಳುತ್ತಿದ್ದಳು.

“ನೀನಾ?” ಎಂದ ಮಾಮ.

ಚೂಟಿ ಹೂಂ ಎಂದಳು.

ಇದು ಹಾಳಾಗಿದ್ದಕ್ಕೆ ಆ ಹುಡುಗಿ ಏನಂದಳು ಎಂದು ಅವನು ಕೇಳಿದ. ತನ್ನ ಬೆರಳೇ ಸರಿಯಿಲ್ಲ ಅಂದುಕೊಂಡಿದ್ದಾಳೆ ಎಂದು ಹೇಳುವಷ್ಟರಲ್ಲಿ ಚೂಟಿಗೆ ಅಳು ಬಂದುಬಿಟ್ಟಿತು. ಮಾಮ ಅವಳ ಕಣ್ಣೊರೆಸಲಿಲ್ಲ, ಬೈಯಲೂ ಇಲ್ಲ. ಅಡುಗೆಮನೆಯಿಂದ ಸೋಡಾಪುಡಿ ತರಲು ಹೇಳಿದ.

ಗೀರಿಗೆ ಚಿಟಿಕೆ ಸೋಡಾಪುಡಿ ತುಂಬಿ, ಅದರ ಮೇಲೆ ಒಂದು ತೊಟ್ಟು ಸೂಪರ್ ಗ್ಲೂ ಬಿಟ್ಟ. ಪುಡಿ ಕಣ್ಣೆದುರೇ ಕಲ್ಲಾಯಿತು. ಆಮೇಲೆ ಅರ ತೆಗೆದುಕೊಂಡು ಹೊಸದಾಗಿ ಗೀರು ಮಾಡುತ್ತ ಕೂತ. ಎರಡು ಸಲ ಉಜ್ಜುವುದು, ಮೀಟಿ ನೋಡುವುದು. ಚೂಟಿ ಟಾರ್ಚ್ ಹಿಡಿದು ನಿಂತಿದ್ದಳು. ಬೇರೆ ದಿನವಾಗಿದ್ದರೆ ಅವನು ಏನಾದರೂ ಹಾಡು ಗುನುಗುತ್ತ, ನಡುನಡುವೆ ತಮಾಷೆ ಮಾಡುತ್ತಿದ್ದ. ಇವತ್ತು ಅರದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

“ಗಿಟಾರ್ ಸರಿಹೋಯ್ತು” ಎಂದ ಕೊನೆಗೆ. “ಅವಳಿಗೆ ಏನು ಹೇಳ್ತೀಯ?”

“ನಿಜ ಹೇಳ್ತೀನಿ ಮಾಮ.”

ಹೇಳಬೇಕೆಂದೇ ಮರುದಿನ ಹೋದಳು. ಆದರೆ ಗಿಟಾರನ್ನು ಜಿರಾಫೆಯ ಕೈಗೆ ಕೊಟ್ಟು, ಹೇಳಲು ಬಾಯಿ ತೆರೆಯುವ ಮೊದಲೇ ಪ್ರಾಕ್ಟೀಸ್ ಶುರುವಾಯಿತು. ಜಿರಾಫೆ ಮೀಟಿದಳು. ಮೂರನೇ ತಂತಿ ಗಂಟೆಯ ಹಾಗೆ ನುಡಿಯಿತು. ಸರ್ ಹಾಡು ನಿಲ್ಲಿಸಲೇ ಇಲ್ಲ. ಮುಗಿದ ಮೇಲೆ, ಕಷ್ಟಪಟ್ಟು ಬೆರಳು ತಿದ್ದಿಕೊಂಡೆಯಲ್ಲ, ಶಭಾಷ್ ಎಂದು ಬೆನ್ನು ತಟ್ಟಿದರು.

“ಉಗುರು ಕತ್ತರಿಸಿದ್ದಕ್ಕೇ ಸರಿಯಾಯ್ತು ಕಣೆ” ಎಂದು ಜಿರಾಫೆ ಓಡಿ ಬಂದಳು. ಅವಳ ಮುಖ ಅರಳಿತ್ತು.

ಈಗ ಯಾಕೆ ಹೇಳಬೇಕು ಎನಿಸಿತು ಚೂಟಿಗೆ. ಗಿಟಾರ್ ಸರಿಯಿದೆ, ಸರ್ ಖುಷಿಯಾಗಿದ್ದಾರೆ, ಎಂಟನೇ ಕ್ಲಾಸಿನವನು ಬರುವುದೂ ತಪ್ಪಿತು. ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದೇ. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಊಟದ ಬಿಡುವಿನಲ್ಲಿ ತಾನೇ ಜಿರಾಫೆಯನ್ನು ಮ್ಯೂಸಿಕ್ ರೂಮಿಗೆ ಎಳೆದುಕೊಂಡು ಹೋಗಿ ಇನ್ನೊಂದು ಸಲ ಬಾರಿಸಲು ಹೇಳಿದಳು.

ಜಿರಾಫೆ ಬೆಂಚಿನ ಮೇಲೆ ಕೂತು ಬಾರಿಸತೊಡಗಿದಳು. ಚೂಟಿ ಎದುರಿಗೇ ಕೂತಿದ್ದಳು. ಆಗ ಅವಳಿಗೆ ಆ ಕೈ ಕಾಣಿಸಿತು.

ಮಣಿಕಟ್ಟು ಇನ್ನೂ ಸೊಟ್ಟಗೇ ಇತ್ತು. ಭುಜ ಕಿವಿಯ ತನಕ ಏರಿತ್ತು. ಊದಿದ ಬೆರಳು ನಡುಗುತ್ತಿದ್ದರೂ ಜಿರಾಫೆ ಅದನ್ನು ಎತ್ತಿಯೇ ಹಿಡಿದಿದ್ದಳು. ಕೆಳಗಿಳಿಸಿದರೆ ಮತ್ತೆ ಝುಯ್ಯ್ ಎನ್ನುತ್ತದೆಂಬ ಹೆದರಿಕೆ ಅವಳಿಗೆ. ತುಟಿ ಕಚ್ಚಿಕೊಂಡು ನಗುತ್ತಲೂ ಇದ್ದಳು.

ಚೂಟಿಗೆ ಅಲ್ಲಿಂದ ಎದ್ದು ಓಡಿಹೋಗುವಷ್ಟು ನಾಚಿಕೆಯಾಯಿತು. ಓಡಲಿಲ್ಲ.

“ಅದು ನಿನ್ನ ಬೆರಳಲ್ಲ” ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. “ನಾನು ಉಜ್ಜಿ ಹಾಳು ಮಾಡಿದ್ದೆ. ಮಾಮನಿಗೂ ಗೊತ್ತಿರಲಿಲ್ಲ. ನಿನ್ನೆ ಸರಿ ಮಾಡಿಸಿದೆ.” ಆಮೇಲೆ ಉಳಿದದ್ದನ್ನೂ ಹೇಳಿದಳು. ಬಿಳಿ ಪುಡಿ ಉದುರಿದ್ದು, ಜಿಪ್ ಎಳೆದದ್ದು, ನಾಬ್ ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ. ಕೊನೆಗೆ ಸಾರಿ ಎಂದಳು.

ಜಿರಾಫೆ ನಿಧಾನವಾಗಿ ಭುಜ ಇಳಿಸಿದಳು. ಮಣಿಕಟ್ಟು ನೆಟ್ಟಗೆ ಮಾಡಿದಳು. ಬೆರಳುಗಳನ್ನು ಅವು ಮೊದಲು ಇರುತ್ತಿದ್ದ ಹಾಗೆಯೇ ತಂತಿಗಳ ಮೇಲೆ ಇಟ್ಟು ಮೀಟಿದಳು. ಎಲ್ಲ ತಂತಿಗಳೂ ಸ್ಪಷ್ಟವಾಗಿ ನುಡಿದವು.

“ಅಂದ್ರೆ ನನ್ನ ಕೈ ಮೊದಲಿಂದ ಸರಿಯಾಗೇ ಇತ್ತಾ?”

“ಹೂಂ.”

“ನಿನ್ನೆ ಎಲ್ಲರೂ ನಗೋವಾಗ ನೀನೂ ಅಲ್ಲೇ ಇದ್ದೆ.”

ಜಿರಾಫೆ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೋ ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟಿದ್ದಾರೇನೋ ಎಂಬಂತೆ. ಆಮೇಲೆ ಗಿಟಾರ್ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ, ಇವಳಿಗೆ ಬೆನ್ನು ಹಾಕಿ ಕೂತಳು.

ಅವಳು ಮತ್ತೆ ಬಾರಿಸತೊಡಗಿದಳು. ಚೂಟಿ ಹತ್ತಿರ ಹೋಗಲಿಲ್ಲ, ಸಾರಿ ಎಂದು ಮತ್ತೆ ಮತ್ತೆ ಹೇಳಲೂ ಇಲ್ಲ. ಜಿರಾಫೆ ಈ ಕಡೆ ತಿರುಗುವುದು ಇವತ್ತೋ ನಾಳೆಯೋ, ಅದು ಜಿರಾಫೆಗೆ ಬಿಟ್ಟದ್ದು ಎಂದು ಅವಳಿಗೆ ಅರ್ಥವಾಗಿತ್ತು. ಅಲ್ಲೇ ಕೂತು, ಗೆಳತಿಯ ಭುಜ ಮತ್ತೆ ಮೇಲೇರುತ್ತದೋ ಎಂದು ನೋಡುತ್ತಿದ್ದಳು. ಅದು ಏರಲಿಲ್ಲ.